ಔಷಧ ಅಂಗಡಿಯವರಿಗೆ ಒಂದು ದಿನದ ತರಬೇತಿ: ನಡೆಸುವುದು ಹೇಗೆ?

ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್. ಮೂರೂ ಕಾಯಿಲೆಗೆ ಬೇಕಾದವೇ. ಆದರೆ ಕಾಯಿಲೆ ಇಲ್ಲದೆ, ವೈದ್ಯರ ಚೀಟಿ ಇಲ್ಲದೆ ಇವುಗಳಿಗೆ ಅಂಟಿಕೊಂಡವರು ಕಡಿಮೆಯಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರ ಪ್ರಕಾರ 10ರಿಂದ 75 ವರ್ಷದ ಭಾರತೀಯರಲ್ಲಿ ಶೇ 1.08ರಷ್ಟು ಜನ ನಿದ್ದೆ ಮತ್ತು ಆತಂಕದ ಮಾತ್ರೆಗಳನ್ನು ಹೀಗೆ ಬಳಸುತ್ತಿದ್ದರು. ಒಂದು ಕೋಟಿಗಿಂತ ಜಾಸ್ತಿ ಜನ! ಅಫೀಮಿನ ಗುಂಪಿಗೆ ಸೇರಿದ ನೋವಿನ ಔಷಧಗಳನ್ನು ಬಳಸುತ್ತಿದ್ದವರು ಶೇ 0.96ರಷ್ಟು.

ಇವುಗಳಲ್ಲಿ ಎಷ್ಟೋ ಮಾತ್ರೆಗಳು ಯಾವುದೋ ಕೌಂಟರ್ ದಾಟಿಯೇ ಹೋಗಿರುತ್ತವೆ. ಹಾಗಾಗಿ ಆ ಕೌಂಟರಿನ ಹಿಂದೆ ನಿಂತವರಿಗೆ, ಚೀಟಿ ಬರೆಯುವವರಿಗೆ ತರಬೇತಿ ಬೇಕು. ಅದಕ್ಕೆ ದಾರಿ ಈಗಾಗಲೇ ಇದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮದಂತೆ ಫಾರ್ಮಸಿಸ್ಟ್‌ಗಳು 5 ವರ್ಷದಲ್ಲಿ ಕನಿಷ್ಠ 2 ಪುನಶ್ಚೇತನ ಶಿಬಿರಗಳಿಗೆ ಹಾಜರಾಗಬೇಕು. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಣಕ್ಕೆ ವೈದ್ಯರು ಇಂಥ ತರಬೇತಿಗಳಿಂದ 5 ವರ್ಷದಲ್ಲಿ 30 ಕ್ರೆಡಿಟ್ ಗಂಟೆ ಗಳಿಸಬೇಕು. ಅಮೆರಿಕದಲ್ಲಿ 2023ರ ಜೂನ್‌ನಿಂದ ಇಂಥ ಔಷಧ ಬರೆಯುವ ವೈದ್ಯರಿಗೆ ಇದೇ ವಿಷಯದಲ್ಲಿ 8 ಗಂಟೆಯ ತರಬೇತಿ ಕಡ್ಡಾಯವಾಗಿದೆ. ನಮ್ಮಲ್ಲಿ ವಿಷಯ ಆರಿಸುವುದು ಹೆಚ್ಚಾಗಿ ಸಂಘಟಕರ ಕೈಯಲ್ಲಿದೆ. ತಾಲ್ಲೂಕಿನ ಔಷಧ ವ್ಯಾಪಾರಿಗಳ ಸಂಘವೋ ವೈದ್ಯರ ಸಂಘವೋ ಮನಸ್ಸು ಮಾಡಿದರೆ ಒಂದು ದಿನದಲ್ಲಿ ಒಳ್ಳೆಯ ತರಬೇತಿ ನಡೆಸಬಹುದು.

1. ಯಾರನ್ನು ಕರೆಯಬೇಕು?

ಫಾರ್ಮಸಿಸ್ಟ್‌ಗಳನ್ನು ಕರೆಯಿರಿ, ಜೊತೆಗೆ ಅಂಗಡಿಯ ಸಹಾಯಕರನ್ನೂ ಕರೆಯಿರಿ. ಸಂಜೆ ಜನ ಮುಗಿಬಿದ್ದಾಗ ಗಿರಾಕಿಯ ಮುಖ ನೋಡುವವರು ಎಷ್ಟೋ ಸಲ ಅವರೇ ಅಲ್ವಾ? ಊರಿನ ವೈದ್ಯರು, ದಂತವೈದ್ಯರು ಅದೇ ಸಭೆಯಲ್ಲಿ ಕೂರಲಿ. ಚೀಟಿ ಬರೆಯುವವರಿಗೂ ಅದನ್ನು ಓದುವವರಿಗೂ ಮುಖಪರಿಚಯವೇ ಇಲ್ಲದಿದ್ದರೆ ಅನುಮಾನ ಬಂದಾಗ ಫೋನ್ ಮಾಡುವುದು ಹೇಗೆ? ನನ್ನ ಪ್ರಕಾರ ಇಡೀ ದಿನದ ದೊಡ್ಡ ಲಾಭ ಈ ಪರಿಚಯವೇ.

ಡ್ರಗ್ಸ್ ಇನ್‌ಸ್ಪೆಕ್ಟರ್ ಬೆಳಗಿನ ಕಾನೂನಿನ ಪಾಠಕ್ಕೆ ಬರಲಿ. ಇಡೀ ದಿನ ಅವರು ಕೂತರೆ ಅಂಗಡಿಯವರು ಬಾಯಿ ಬಿಡುವುದಿಲ್ಲ. ಮಧ್ಯಾಹ್ನದ ಅಭ್ಯಾಸಕ್ಕೆ ಬಾಯಿ ಬಿಡುವುದು ಮುಖ್ಯ.

ಪಾಠ ಹೇಳುವವರಿಗಾಗಿ ದೂರ ಹುಡುಕಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರನ್ನು ಕೇಳಿ. ಈ ಕಾರ್ಯಕ್ರಮದ ಬೇರು ನಮ್ಮ ಬಳ್ಳಾರಿಯಲ್ಲೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವೇ ಮುಂದೆ ದೇಶಕ್ಕೆ ಮಾದರಿಯಾಯಿತು. ಹತ್ತಿರದ ಫಾರ್ಮಸಿ ಕಾಲೇಜಿನ ಅಧ್ಯಾಪಕರೂ ಆಗುತ್ತಾರೆ. ಇನ್ನೂ ಆಳವಾಗಿ ಕಲಿಯಬೇಕೆನ್ನುವ ವೈದ್ಯರಿಗೆ ವ್ಯಸನ ಚಿಕಿತ್ಸೆಯ ಬಗ್ಗೆ ನಿಮ್ಹಾನ್ಸ್‌ನ ಆನ್‌ಲೈನ್ ಕೋರ್ಸ್‌ಗಳಿವೆ.

2. ಮಾನ್ಯತೆಗೆ ಮೊದಲೇ ಅರ್ಜಿ ಹಾಕಿ

ಶಿಬಿರ ಮುಗಿದ ಮೇಲೆ ಪ್ರಮಾಣಪತ್ರಕ್ಕೆ ಓಡಾಡುವ ಹಾಗಾಗಬಾರದು. ರಾಜ್ಯ ಫಾರ್ಮಸಿ ಪರಿಷತ್ತು ಮತ್ತು ವೈದ್ಯಕೀಯ ಪರಿಷತ್ತು ಎರಡಕ್ಕೂ ವಿಷಯ, ಭಾಷಣಕಾರರು, ವೇಳಾಪಟ್ಟಿ ಬರೆದು ಮೊದಲೇ ಕಳಿಸಿ.

3. ಬೆಳಿಗ್ಗೆ: ಚೀಟಿ ಓದುವ ಪಾಠ

ಕಾಯ್ದೆಯನ್ನು ಸ್ಲೈಡ್‌ನಲ್ಲಿ ಓದಿದರೆ ಯಾರ ತಲೆಗೂ ಹೋಗುವುದಿಲ್ಲ. ಅದರ ಬದಲು ಹೆಸರು, ವಿಳಾಸ ಮುಚ್ಚಿದ ಚೀಟಿಗಳ ಜೆರಾಕ್ಸ್ ಹಂಚಿ. ನಾಲ್ಕೈದು ಜನರ ಗುಂಪು ಮಾಡಿ, ‘ಇದಕ್ಕೆ ಔಷಧ ಕೊಡಬಹುದಾ, ಯಾಕೆ?’ ಅಂತ ಕೇಳಿ. ಉತ್ತರ ಹುಡುಕುವಾಗ ಕಾನೂನು ತಾನಾಗಿ ಬರುತ್ತದೆ.

ಚೀಟಿಯಲ್ಲಿ ವೈದ್ಯರ ಸಹಿ ಮತ್ತು ದಿನಾಂಕ ಇರಬೇಕು. ರೋಗಿಯ ಹೆಸರು, ವಿಳಾಸ ಇರಬೇಕು. ಒಟ್ಟು ಎಷ್ಟು ಔಷಧ, ಯಾವ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು ಅಂತಲೂ ಇರಬೇಕು. ಮತ್ತೆ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಮ್ಮೆ ಮಾತ್ರ ಔಷಧ. ಕೊಟ್ಟ ಮೇಲೆ ಅಂಗಡಿಯ ಹೆಸರು, ವಿಳಾಸ, ದಿನಾಂಕವನ್ನು ಚೀಟಿಯ ಮೇಲೆ ನಮೂದಿಸಬೇಕು. ಈ ಸಣ್ಣ ಮುದ್ರೆ ದೊಡ್ಡ ಕೆಲಸ ಮಾಡುತ್ತದೆ. ಮುದ್ರೆ ಬಿದ್ದ ಚೀಟಿ ಹಿಡಿದು ಪಕ್ಕದ ಅಂಗಡಿಗೆ ಹೋದರೆ ಅಲ್ಲಿಯವರಿಗೆ ವಿಷಯ ಗೊತ್ತಾಗುತ್ತದೆ. ಊರಿನ ಎಲ್ಲ ಅಂಗಡಿಯವರೂ ನಾಳೆಯಿಂದಲೇ ಇದನ್ನು ತಪ್ಪದೆ ಮಾಡುತ್ತೇವೆ ಅಂತ ಸಭೆಯಲ್ಲೇ ಒಪ್ಪಿಕೊಳ್ಳಲಿ.

ಆಮೇಲೆ ಶೆಡ್ಯೂಲ್ ಎಚ್‌1 ರಿಜಿಸ್ಟರ್, ಅಂದರೆ ಮಾರಿದ್ದನ್ನು ಬೇರೆಯಾಗಿ ಬರೆದಿಡಬೇಕಾದ ಔಷಧಗಳ ಪಟ್ಟಿಯ ಪುಸ್ತಕ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಈ ಪಟ್ಟಿಯಲ್ಲಿ ನಿದ್ದೆ ಮತ್ತು ಆತಂಕದ ಆಲ್ಪ್ರಜೋಲಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್‌ಪಿಡೆಮ್, ಕೆಮ್ಮಿನ ಸಿರಪ್‌ನ ಕೋಡೀನ್, ನೋವಿನ ಟ್ರಮಡಾಲ್ ಎಲ್ಲ ಇವೆ. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ, ಕೊಟ್ಟ ಪ್ರಮಾಣ ಬರೆದು ರಿಜಿಸ್ಟರನ್ನು 3 ವರ್ಷ ಇಟ್ಟುಕೊಳ್ಳಬೇಕು. ಇನ್‌ಸ್ಪೆಕ್ಟರ್‌ಗೆ ತೋರಿಸಲು ಮಾತ್ರ ಬರೆಯುವ ಪುಸ್ತಕ ಇದಲ್ಲ. ತಿಂಗಳ ಕೊನೆಗೆ ಒಮ್ಮೆ ತಿರುವಿ ಹಾಕಿದರೆ ಒಂದೇ ಹೆಸರು ಮತ್ತೆ ಮತ್ತೆ ಬರುವುದು ಕಣ್ಣಿಗೆ ಬೀಳುತ್ತದೆ. ತರಬೇತಿಯಲ್ಲಿ ಒಂದು ನಕಲಿ ರಿಜಿಸ್ಟರ್ ಮಾಡಿ, ಅಂಥ ಹೆಸರು ಹುಡುಕಲು ಹೇಳಿ.

ಒಂದು ವಾಟ್ಸ್‌ಆ್ಯಪ್ ಚೀಟಿಯನ್ನೂ ಸೇರಿಸಿ. ಅದರಲ್ಲಿ ಟ್ರಮಡಾಲ್ ಇರಲಿ. 2018ರ ಏಪ್ರಿಲ್‌ನಲ್ಲಿ ಟ್ರಮಡಾಲ್ ಮಾದಕ ವಸ್ತುಗಳನ್ನು ಹಿಡಿತದಲ್ಲಿಡುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಬಂತು. 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಆ ಕಾಯ್ದೆಯ ಔಷಧಗಳನ್ನು ಫೋನಿನಲ್ಲಿ ಬರೆಯಲು ಬಿಡುವುದಿಲ್ಲ. ಮನೋವೈದ್ಯರಿಗೆ ಕೆಲವು ಔಷಧಗಳಲ್ಲಿ ವಿನಾಯಿತಿ ಸಿಕ್ಕಿದೆ, ಅದನ್ನೂ ಹೇಳಿಬಿಡಿ.

4. ದೇಹದೊಳಗೆ ಏನಾಗುತ್ತದೆ?

ಇದು ವೈದ್ಯರು ಹೇಳುವ ಪಾಠ, ಒಂದು ಗಂಟೆ ಸಾಕು. ಮೂರು ವಿಷಯ ಮನಸ್ಸಿಗೆ ಇಳಿಯಬೇಕು. ಮೊದಲನೆಯದು, ದಿನ ಕಳೆದಂತೆ ಅದೇ ಪರಿಣಾಮಕ್ಕೆ ಜಾಸ್ತಿ ಮಾತ್ರೆ ಬೇಕಾಗುತ್ತದೆ. ಎರಡನೆಯದು, ನಿದ್ದೆ ಮಾತ್ರೆಯನ್ನು ಬಹಳ ಕಾಲ ನುಂಗಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಮೂರನೆಯದು, ಅಫೀಮಿನ ಗುಂಪಿನ ಔಷಧದ ಜೊತೆ ನಿದ್ದೆ ಮಾತ್ರೆಯೋ ಮದ್ಯವೋ ಸೇರಿದರೆ ಉಸಿರು ನಿಧಾನವಾಗಿ ನಿಂತೇ ಹೋಗಬಹುದು.

ಪ್ರಜ್ಞೆ ತಪ್ಪಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿ, ಉಸಿರು ತೀರಾ ನಿಧಾನವಾದರೆ ಅದು ಅಫೀಮು ಗುಂಪಿನ ಔಷಧ ಜಾಸ್ತಿಯಾದ ಲಕ್ಷಣ. 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಬೇಕು. ಉಸಿರು ನಿಂತರೆ ಕೃತಕ ಉಸಿರು ಕೊಡಬೇಕು. ಆಸ್ಪತ್ರೆಯಲ್ಲಿ ನ್ಯಾಲಾಕ್ಸೋನ್ ಎಂಬ ಚುಚ್ಚುಮದ್ದು ಇದಕ್ಕೆ ತಿರುಗೇಟು ಕೊಡುತ್ತದೆ. ಮಗ್ಗುಲಿಗೆ ಮಲಗಿಸುವುದನ್ನು ನೆಲದ ಮೇಲೆ ಜಮಖಾನ ಹಾಸಿ ಮಾಡಿಸಿಯೇ ಬಿಡಿ.

5. ಮಧ್ಯಾಹ್ನ: ಕೌಂಟರ್ ಅಭ್ಯಾಸ

ದಿನದ ಅರ್ಧ ಸಮಯ ಇದಕ್ಕೇ ಹೋಗಲಿ. ‘ಕೊಡಬೇಡಿ’ ಅಂತ ಹೇಳುವ ತರಬೇತಿಗಳು ಬೇಕಾದಷ್ಟಿವೆ. ‘ಇಲ್ಲ’ ಎಂದ ಮೇಲೆ ಏನು ಹೇಳಬೇಕು ಅಂತ ಕಲಿಸುವುದು ಕಡಿಮೆ. ಸುಮ್ನೆ ಬೈದು ಕಳಿಸಿದರೆ ಆ ಮನುಷ್ಯ ಇನ್ನೊಂದು ಅಂಗಡಿಗೆ ಹೋಗುತ್ತಾನೆ, ಇಲ್ಲವೇ ಇನ್ನೂ ಅಪಾಯದ ಕಡೆಗೆ ಹೋಗುತ್ತಾನೆ. ಅಷ್ಟು ಹೊತ್ತು ಅವನ ಎದುರು ನಿಂತಿದ್ದ ಆರೋಗ್ಯ ಸಿಬ್ಬಂದಿ ನೀವೊಬ್ಬರೇ ಆಗಿರಬಹುದು.

ಟೇಬಲ್ ಹಾಕಿ, ಒಬ್ಬರು ಗಿರಾಕಿ, ಒಬ್ಬರು ಅಂಗಡಿಯವರು. ಉಳಿದವರು ನೋಡಲಿ, ಆಮೇಲೆ ಅದಲುಬದಲಾಗಲಿ.

ಅಜ್ಜಿಯೊಬ್ಬರಿಂದ ಶುರುಮಾಡಿ. ವರ್ಷಗಳ ಹಿಂದಿನ ಚೀಟಿ ತೋರಿಸಿ ಆಲ್ಪ್ರಜೋಲಮ್ ಕೇಳುತ್ತಾರೆ. ಹಳೇ ಚೀಟಿಗೆ ಕೊಡುವಂತಿಲ್ಲ. ಆದರೆ ‘ಇಲ್ಲ ಹೋಗಿ’ ಎಂದರೆ ಮಾತ್ರೆ ಒಮ್ಮೆಲೇ ನಿಂತು ಅವರಿಗೆ ಅಪಾಯ. ಇಲ್ಲಿ ಸಭೆಯಲ್ಲಿ ಜೋರು ಚರ್ಚೆ ಆಗುತ್ತದೆ, ಆಗಲಿ ಬಿಡಿ. ಸರಿಯಾದ ದಾರಿ ಎಂದರೆ ಅವರು ಅಲ್ಲೇ ಇರುವಾಗ ವೈದ್ಯರಿಗೆ ಫೋನ್ ಮಾಡುವುದು, ಅವತ್ತೇ ಹೊಸ ಚೀಟಿ ಆಗುವ ಹಾಗೆ ನೋಡಿಕೊಳ್ಳುವುದು. ಮಾತು ಹೀಗಿರಲಿ: ‘ಅಜ್ಜಿ, ಈ ಮಾತ್ರೆ ದಿಢೀರ್ ಅಂತ ಬಿಡಬಾರದು. ಹಾಗಂತ ಡಾಕ್ಟರ್ ನೋಡದೆ ಇದನ್ನೇ ನುಂಗ್ತಾ ಇದ್ದರೆ ಬೀಳ್ತೀರಿ, ಮರೆವು ಬರುತ್ತೆ. ಇವತ್ತೇ ತೋರಿಸಿ, ನಾನೇ ಫೋನ್ ಮಾಡ್ತೀನಿ.’ ಬೆಳಿಗ್ಗೆ ಪರಿಚಯವಾದ ವೈದ್ಯರು ಇಲ್ಲಿ ನೆರವಿಗೆ ಬರುತ್ತಾರೆ.

ಆಮೇಲೆ ಕಾಲೇಜು ವಯಸ್ಸಿನ ಹುಡುಗ, ಕೈಯಲ್ಲಿ ಚೀಟಿಯಿಲ್ಲ, ಕೇಳುವುದು ಟಪೆಂಟಡಾಲ್ ಎಂಬ ಅಫೀಮು ಗುಂಪಿನ ನೋವಿನ ಮಾತ್ರೆ. ಹಿಂದೆ ಅವನ ಸ್ನೇಹಿತರು ನಿಂತಿದ್ದಾರೆ. ಎಲ್ಲರೆದುರು ಅವಮಾನ ಮಾಡಿದರೆ ಜಗಳವೇ ಗತಿ. ದನಿ ತಗ್ಗಿಸಿ, ಚಿಕ್ಕದಾಗಿ ಹೇಳಿ: ‘ಚೀಟಿ ಇಲ್ಲದೆ ಯಾರಿಗೂ ಕೊಡಲ್ಲಪ್ಪ. ಇದನ್ನು ಬಿಡಬೇಕು ಅನ್ನಿಸಿದರೆ ಒಬ್ಬನೇ ಬಾ, ಯಾರಿಗೂ ಹೇಳಲ್ಲ.’ ಒಂದು ಚೂರು ಕಾಗದದಲ್ಲಿ ಸಹಾಯವಾಣಿ ನಂಬರ್ ಕೊಡಿ. ಹೆದರಿಸುವವರು ಬಂದಾಗ ಧೈರ್ಯ ತೋರಿಸಲು ಹೋಗಬೇಡಿ. ಪಕ್ಕದ ಅಂಗಡಿಯವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ಪರಿಚಯದವರಿಗೆ ‘ಇಲ್ಲ’ ಎನ್ನುವುದು ಇನ್ನೂ ಕಷ್ಟ. ಅದನ್ನೂ ಆಡಿಸಿ.

ಕೊನೆಯ ದೃಶ್ಯವನ್ನು ಮರೆಯಲೇಬಾರದು. ಕ್ಯಾನ್ಸರ್ ರೋಗಿಯ ಮಗ, ಕೈಯಲ್ಲಿ ಸರಿಯಾದ ಚೀಟಿ, ಬೇಕಾಗಿರುವುದು ಟ್ರಮಡಾಲ್. ಇಡೀ ದಿನ ದುರುಪಯೋಗದ ಮಾತು ಕೇಳಿದವರು ಇಲ್ಲಿ ಅನುಮಾನದಿಂದ ಹಿಂದೆ ಸರಿಯುತ್ತಾರೆ. ಅದು ಅನ್ಯಾಯ. 2014ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಬಂದದ್ದೇ ನೋವಿನಲ್ಲಿರುವವರಿಗೆ ಮಾರ್ಫಿನ್‌ನಂಥ ಔಷಧ ಸುಲಭವಾಗಿ ಸಿಗಲಿ ಅಂತ. ಚೀಟಿ ಸರಿಯಿದ್ದರೆ ಕೊಡಬೇಕು, ಮರ್ಯಾದೆಯಿಂದ ಕೊಡಬೇಕು. ಮನೆಯಲ್ಲಿ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡಿ ಅಂತ ಹೇಳಬೇಕು.

6. ವೈದ್ಯರಿಗೆ ಒಂದೆರಡು ಮಾತು

ಮಾತ್ರೆಗಳ ಸಂಖ್ಯೆಯನ್ನು ಅಂಕಿಯ ಜೊತೆ ಅಕ್ಷರದಲ್ಲೂ ಬರೆಯಿರಿ. 10ನ್ನು 100 ಮಾಡುವುದು ಬಹಳ ಸುಲಭ. ನಿದ್ದೆ ಮಾತ್ರೆ ಬರೆಯುವ ದಿನವೇ ಯಾವತ್ತು ನಿಲ್ಲಿಸುವುದು ಅಂತ ರೋಗಿಗೆ ತಿಳಿಸಿ. ಅಂಗಡಿಯವರು ಫೋನ್ ಮಾಡಿದರೆ ಎತ್ತಿ.

7. ಎಲ್ಲಿಗೆ ಕಳಿಸುವುದು? ಒಂದು ಪಟ್ಟಿ ಮಾಡಿ

ಹೊರಡುವಾಗ ಪ್ರತಿಯೊಬ್ಬರ ಕೈಯಲ್ಲೂ ಒಂದು ಹಾಳೆ ಇರಲಿ. ವ್ಯಸನ ಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416. ಜಿಲ್ಲಾಸ್ಪತ್ರೆಯ ಮನೋವೈದ್ಯ ವಿಭಾಗದ ದಿನ, ಸಮಯ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ. ಹಲವು ಕಡೆ ಅದು ಮಂಗಳವಾರ, ನಿಮ್ಮಲ್ಲಿ ಯಾವಾಗ ಅಂತ ವಿಚಾರಿಸಿಯೇ ಬರೆಯಿರಿ. ಮುಚ್ಚಿದ ಬಾಗಿಲಿನ ಮುಂದೆ ಒಮ್ಮೆ ನಿಂತು ಬಂದವರು ಎರಡನೇ ಸಲ ಹೋಗುವುದು ಕಷ್ಟ.

8. ಮೂರು ತಿಂಗಳ ಮೇಲೆ ಮತ್ತೆ ಸೇರಿ

ಬೆಳಿಗ್ಗೆ ಕೊಟ್ಟ ಹತ್ತು ಪ್ರಶ್ನೆಗಳನ್ನೇ ಸಂಜೆ ಮತ್ತೆ ಕೊಟ್ಟರೆ ಎಷ್ಟು ಕಲಿತರು ಅಂತ ಗೊತ್ತಾಗುತ್ತದೆ. ಆದರೆ ಅಂಗಡಿಯಲ್ಲಿ ಏನು ಬದಲಾಯಿತು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ಮುಂದಿನ ಭೇಟಿಯ ದಿನಾಂಕವನ್ನು ಅವತ್ತೇ ಗೊತ್ತುಮಾಡಿ, ಒಂದು ಗಂಟೆ ಸಾಕು. ಚೀಟಿಗೆ ಮುದ್ರೆ ಬೀಳುತ್ತಿದೆಯಾ, ವೈದ್ಯರಿಗೆ ಎಷ್ಟು ಸಲ ಫೋನ್ ಮಾಡಿದಿರಿ, ಎಷ್ಟು ಜನರನ್ನು ಆಸ್ಪತ್ರೆಗೆ ಕಳಿಸಿದಿರಿ, ಯಾವ ಗಿರಾಕಿಯ ಮುಂದೆ ಮಾತು ಸಿಗಲಿಲ್ಲ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ತರಬೇತಿಯ ಕೌಂಟರ್ ಅಭ್ಯಾಸಕ್ಕೆ ಅವೇ ದೃಶ್ಯಗಳು.