ಬಿಟ್ಟಿದ್ದ ‘ಅವರು’ ವಾಪಸ್ ಬಂದಿದ್ದು: ಕಿಂಗ್ ಭಾಷಣ ಅನುವಾದಿಸಿದ ನನ್ನ ಅನುಭವ

ಮಾರ್ಟಿನ್ ಲೂಥರ್ ಕಿಂಗ್ ವಿಯೆಟ್ನಾಂ ಯುದ್ಧದ ವಿರುದ್ಧ ಮಾಡಿದ ಭಾಷಣವನ್ನು ಮೊದಲ ಸಲ ಓದಿದಾಗ ಸುಮ್ನೆ ಮೆಚ್ಚಿಕೊಂಡಿದ್ದೆ, ಅಷ್ಟೇ. ಅದು ಕೇಳುವವರ ಮನಸ್ಸನ್ನು ಹೇಗೆ ತಿರುಗಿಸುತ್ತದೆ ಅಂತ ಗೊತ್ತಾಗಿದ್ದು ಕನ್ನಡಕ್ಕೆ ತರಲು ಕೂತಾಗ. ಗೆಳೆಯರ ಮುಂದೆ ಜೋರಾಗಿ ಓದಬೇಕಿತ್ತು, ಹಾಗಾಗಿ ಬರೆದ ಪ್ರತಿ ಸಾಲನ್ನೂ ಬಾಯಲ್ಲಿ ಹೇಳಿ ನೋಡುತ್ತಿದ್ದೆ.

1967ರ ಏಪ್ರಿಲ್ 4, ನ್ಯೂಯಾರ್ಕ್‌ನ ರಿವರ್‌ಸೈಡ್ ಚರ್ಚ್. ಕರಿಯರ ಹಕ್ಕುಗಳ ಹೋರಾಟ ಬಿಟ್ಟು ನಿಮಗ್ಯಾಕೆ ಯುದ್ಧದ ಮಾತು ಅಂತ ಕಿಂಗ್ ಅವರನ್ನು ಜನ ಕೇಳುತ್ತಿದ್ದ ಕಾಲ. ಆ ಪ್ರಶ್ನೆಯನ್ನು ಅವರು ಶುರುವಿನಲ್ಲೇ ತಾವೇ ಎತ್ತುತ್ತಾರೆ. ‘ಇದರಿಂದ ನಿಮ್ಮ ಜನರ ಹೋರಾಟಕ್ಕೇ ಪೆಟ್ಟಲ್ವಾ’ ಅನ್ನೋದನ್ನೂ ಬಿಡದೆ ಹೇಳುತ್ತಾರೆ. ಆಮೇಲೆ ಏಳು ಕಾರಣ ಕೊಡುತ್ತಾರೆ. ಮೊದಲನೆಯದು ದುಡ್ಡು: ಬಡವರಿಗೆ ಅಂತ ಇಟ್ಟಿದ್ದನ್ನೆಲ್ಲ ಯುದ್ಧ ಹೀರಿಕೊಳ್ಳುತ್ತಿದೆ.

ನಾನು ಜಾಸ್ತಿ ದಿನ ಒದ್ದಾಡಿದ್ದು ವಿಯೆಟ್ನಾಂ ರೈತರ ಭಾಗದಲ್ಲಿ. ಅಲ್ಲಿ ವಾಕ್ಯದ ಮೇಲೆ ವಾಕ್ಯ ‘ಅವರು’ ಅಂತಲೇ ಬರುತ್ತದೆ. ನಾವು ಅವರ ನೀರಿಗೆ ವಿಷ ಹಾಕುವುದನ್ನು ಅವರು ನೋಡುತ್ತಾರೆ. ಬುಲ್ಡೋಜರ್‌ಗಳು ಮರ ಉರುಳಿಸಲು ಬಂದಾಗ ಅವರು ಅಳುತ್ತಿರಬೇಕು. ಊರೊಳಗೆ ಬಂದರೆ ಮನೆಯಿಲ್ಲದ, ಬಟ್ಟೆಯಿಲ್ಲದ ಸಾವಿರಾರು ಮಕ್ಕಳನ್ನು ಅವರು ನೋಡುತ್ತಾರೆ. ಕನ್ನಡದಲ್ಲಿ ‘ನೋಡುತ್ತಾರೆ’ ಅಂದರೆ ಸಾಕು, ‘ಅವರು’ ಬೇಕಿಲ್ಲ, ಅದಕ್ಕೇ ಮೊದಲ ಕರಡಿನಲ್ಲಿ ಬಹಳ ಕಡೆ ಬಿಟ್ಟಿದ್ದೆ. ಓದಿದರೆ ಚೆನ್ನಾಗಿಯೇ ಇತ್ತು, ಆದರೆ ಯಾವುದೋ ದೂರದ ಸುದ್ದಿ ಕೇಳಿದ ಹಾಗಿತ್ತು. ಒಂದು ರಾತ್ರಿ ಕೂತು ಎಲ್ಲ ‘ಅವರು’ಗಳನ್ನೂ ವಾಪಸ್ ಹಾಕಿದೆ. ಆಗ ತಿಳಿಯಿತು, ಕಿಂಗ್ ಅಮೆರಿಕನ್ನರನ್ನು ಆ ರೈತರ ಅಂಗಳದಲ್ಲಿ ಕೂರಿಸಿ, ಅಲ್ಲಿಂದ ತಮ್ಮನ್ನೇ ನೋಡಿಕೊಳ್ಳಿ ಅನ್ನುತ್ತಿದ್ದಾರೆ. ವಿಷ ಹಾಕಿದ್ದು ‘ಸರ್ಕಾರ’ ಅನ್ನುವುದಿಲ್ಲ, ‘ನಾವು’ ಅನ್ನುತ್ತಾರೆ, ತಮ್ಮನ್ನೂ ಸೇರಿಸಿಕೊಂಡು. ಸರ್ಕಾರದ ಹೆಸರು ಎತ್ತುವ ಕಡೆಯೂ ಅಷ್ಟೇ, ಜಗತ್ತಿನಲ್ಲಿ ಅತಿ ಹೆಚ್ಚು ಹಿಂಸೆ ಹಂಚುತ್ತಿರುವುದು ‘ನನ್ನದೇ ಸರ್ಕಾರ’ ಅನ್ನುತ್ತಾರೆ. ಆ ‘ನನ್ನದೇ’ ಇಲ್ಲದಿದ್ದರೆ ಅದು ಬರೀ ಬೈಗುಳ ಆಗುತ್ತಿತ್ತು.

ಕೈಕೊಟ್ಟ ಇನ್ನೊಂದು ಸಾಲಿದೆ. ನಮ್ಮ ಸಮಾಜವೇ ಕೈಕಾಲು ಮುರಿದಿಟ್ಟ ಕರಿಯ ಹುಡುಗರನ್ನು ಎಂಟು ಸಾವಿರ ಮೈಲಿ ದೂರ ಕಳಿಸಿ ಸೌತ್‌ಈಸ್ಟ್ ಏಷ್ಯಾದ ಸ್ವಾತಂತ್ರ್ಯ ಕಾಯಿರಿ ಅನ್ನುತ್ತಿದ್ದೇವೆ, ಆ ಸ್ವಾತಂತ್ರ್ಯ ಅವರಿಗೆ ತಮ್ಮದೇ ದೇಶದ ಸೌತ್‌ವೆಸ್ಟ್ ಜಾರ್ಜಿಯಾದಲ್ಲಿ, ನ್ಯೂಯಾರ್ಕ್‌ನ ಈಸ್ಟ್ ಹಾರ್ಲೆಮ್‌ನಲ್ಲಿ ಸಿಕ್ಕಿರಲಿಲ್ಲ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಮೂರೂ ದಿಕ್ಕುಗಳು ಒಂದಕ್ಕೊಂದು ತಾಕುತ್ತವೆ. ಆಗ್ನೇಯ, ನೈಋತ್ಯ ಅಂತ ಬರೆದರೆ ಆ ನಂಟೇ ಕೇಳಿಸಲ್ಲ. ಕೊನೆಗೆ ಕೈಹಿಡಿದದ್ದು ನಾವು ಮನೆಯಲ್ಲಿ ದಿನಾ ಆಡುವ ಮಾತು, ಮೂಲೆ. ಏಷ್ಯಾದ ಆಗ್ನೇಯ ಮೂಲೆ, ಜಾರ್ಜಿಯಾದ ನೈಋತ್ಯ ಮೂಲೆ, ಹಾರ್ಲೆಮ್‌ನ ಪೂರ್ವದ ಮೂಲೆ.

ಓದುವಾಗ ಮೂರನೇ ಮೂಲೆಗೆ ಬಂದು ಸ್ವಲ್ಪ ನಿಲ್ಲುತ್ತೇನೆ. ಕಿಂಗ್ ನಿಂತು ಮಾತಾಡುತ್ತಿದ್ದ ಚರ್ಚಿನಿಂದ ಹಾರ್ಲೆಮ್ ಕೂಗಳತೆಯಲ್ಲೇ ಇದೆ.