ನಾಲ್ಕನೇ ವರ್ಷಕ್ಕೆ ನಮ್ಮನೆ ಬಾಕ್ಸಿಗೆ ಗುಬ್ಬಿ ಬಂತು

ನಮ್ದು ತುಮಕೂರು. ಹಂಚಿನ ಮನೆ ಇದ್ದಾಗ ಗುಬ್ಬಿಗಳು ದೇವರ ಫೋಟೋ ಹಿಂದೆ, ಮೀಟರ್ ಬೋರ್ಡ್ ಮೇಲೆ, ಎಲ್ಲೆಂದ್ರಲ್ಲಿ ಗೂಡು ಕಟ್ಟಿ ಅಮ್ಮನ ಹತ್ರ ದಿನಾ ಬೈಸ್ಕೊಳ್ತಿದ್ವು. ಅದನ್ನ ಕೆಡವಿ ಆರ್‌ಸಿಸಿ ಹಾಕ್ಸಿದ್ಮೇಲೆ ಒಂದೂ ಇಲ್ಲ. ಅವು ಗೂಡು ಕಟ್ಲಿ ಅಂತ ಬಾಕ್ಸ್ ಇಡ್ತೀನಿ ಅಂದ್ರೆ ನಮ್ಮ ಭಾವ, "ಗುಬ್ಬಿ ನೋಡ್ಬೇಕಾ, ಬಸ್ ಹತ್ತು, ಅರ್ಧ ಗಂಟೇಲಿ ಗುಬ್ಬಿ ಊರೇ ಬರುತ್ತೆ" ಅಂತ ನಕ್ಕಿದ್ದೇ ನಕ್ಕಿದ್ದು.

ಮೊದಲ ವರ್ಷ ಆನ್‌ಲೈನ್‌ನಲ್ಲಿ ರೆಡಿಮೇಡ್ ಎರಡು ತರಿಸ್ದೆ, ಏಳ್ನೂರೋ ಎಂಟ್ನೂರೋ ಆಯ್ತು, ತೂತು ನೋಡಿದ್ರೆ ಎರಡೂವರೆ ಇಂಚು. ಹದಿನೈದು ದಿನಕ್ಕೆ ಗೊರವಂಕ ಸಂಸಾರ ಹೂಡ್ತು. ಎರಡನೇ ವರ್ಷ ನಾನೇ ಪ್ಲೈವುಡ್ ಕುಯ್ಸಿ ನಾಲ್ಕು ಮಾಡ್ದೆ, ಚೆಂದ ಕಾಣ್ಲಿ ಅಂತ ಎನಾಮಲ್ ಪೇಂಟ್ ಬಳಿದು ಪಡುವಣ ಗೋಡೆಗೆ ಹೊಡ್ದೆ, ಮಧ್ಯಾಹ್ನ ಕೈ ಇಟ್ರೆ ಒಲೆ ಥರ ಸುಡೋದು, ವಾಸನೆ ಬೇರೆ. ಅಲ್ಲಿಗೆ ಸಾವಿರದ ನಾನೂರು ಹೋಯ್ತು. ಮನೆಯವಳು ಆ ಲೆಕ್ಕ ಇವತ್ತಿಗೂ ಮರ್ತಿಲ್ಲ.

ಮೂರನೇ ವರ್ಷದ್ದು ಹೇಳ್ಕೊಳ್ಳೋಕೆ ಬೇಜಾರು. ಗೂಡು ಕಟ್ಟೋಕೆ ಅನುಕೂಲ ಆಗ್ಲಿ ಅಂತ ಟೈಲರ್ ಅಂಗಡಿಯಿಂದ ದಾರದ ತುಂಡು ತಂದು ಗಿಡಕ್ಕೆ ನೇತು ಹಾಕಿದ್ದೆ, ಪಕ್ಕದ ಮನೆ ಸಜ್ಜಾ ಕೆಳಗಿನ ಗೂಡಲ್ಲಿ ಒಂದು ಮರಿ ಕಾಲಿಗೆ ಅದೇ ದಾರ ಸುತ್ಕೊಂಡು ನೇತಾಡ್ತಾ ಸತ್ತಿತ್ತು. ದಾರ, ಕೂದ್ಲು ಯಾವತ್ತೂ ಇಡ್ಬೇಡಿ, ಒಣ ಹುಲ್ಲು, ತೆಂಗಿನ ನಾರು ಸಾಕು.

ಕೊನೆಗೆ ಕೈಹಿಡಿದಿದ್ದು ಪ್ಯಾಕಿಂಗ್ ಪೆಟ್ಟಿಗೆಯ ಹಳೇ ಹಲಗೆ, ಗುಜರಿಯಲ್ಲಿ ನೂರೈವತ್ತಕ್ಕೆ ಸಿಕ್ಕಿದ್ದು. ಪೇಂಟಿಲ್ಲ, ತೂತು ಒಂದೂಕಾಲು ಇಂಚು, ಅಂದ್ರೆ 32 ಮಿ.ಮೀ., ಮುಂದೆ ಕೂರೋಕೆ ಕಡ್ಡಿ ಇಲ್ಲ. ಮೂಡಣ ಕಡೆ ಸಜ್ಜಾ ಕೆಳಗೆ ಹತ್ತಡಿ ಎತ್ತರದಲ್ಲಿ ಹೊಡ್ದೆ. ಗಂಡು ಗುಬ್ಬಿ ಬಾಕ್ಸ್ ಕಡೆ ತಿರುಗಿ ನೋಡೋ ಹಾಗೆ ಮಾಡೋಕೆ ಒಂದು ಸಣ್ಣ ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಮನೆ ಕಡೆ ಬಂದ್ರೆ ತೋರಿಸ್ತೀನಿ.

ಆದ್ರೆ ನನ್ನ ಕೇಳಿದ್ರೆ ಅರ್ಧ ಕೆಲಸ ಮಾಡಿದ್ದು ಬಾಕ್ಸ್ ಅಲ್ಲ, ಅವರೆ ಬಳ್ಳಿ. ಜೋಳದ ತೆನೆ, ನವಣೆ ಎಲ್ಲಾ ದೊಡ್ಡವು ತಿನ್ನುತ್ವೆ, ಮರಿಗೆ ಮೊದಲ ದಿನಗಳಲ್ಲಿ ಹುಳಾನೇ ಬೇಕು. ಹಾಗಾಗಿ ಆ ವರ್ಷ ಬಳ್ಳಿಗೆ ಔಷಧಿ ಹೊಡೆಯೋದು ನಿಲ್ಲಿಸ್ದೆ. ಅವರೆಕಾಯಿ ಅರ್ಧ ಹುಳದ ಪಾಲಾಗಿ ಅಮ್ಮ ಒಂದು ವಾರ ಮುಖ ಊದಿಸ್ಕೊಂಡಿದ್ರು. ಫೆಬ್ರವರಿಲಿ ಜೋಡಿ ಬಂತು. ಎರಡೂ ಹೊರಗೆ ಹೋಗಿದ್ದಾಗ ಮುಚ್ಚಳ ಒಂದೇ ಸಲ ಎತ್ತಿ ನೋಡ್ದೆ, ನಾಲ್ಕು ಮೊಟ್ಟೆ. ಹನ್ನೆರಡು ದಿನಕ್ಕೋ ಏನೋ ಚಿಂವ್ ಚಿಂವ್ ಶುರುವಾಯ್ತು, ಅಲ್ಲಿಂದ ಎರಡು ವಾರಕ್ಕೆ ಮೂರು ಮರಿ ಹಾರಿದ್ವು. ಅಷ್ಟು ದಿನ ವರಾಂಡದ ಫ್ಯಾನ್ ಹಾಕೋಕೆ ಯಾರಿಗೂ ಬಿಟ್ಟಿಲ್ಲ, ಬೀಗರು ಬಂದಾಗ್ಲೂ ಬೀಸಣಿಗೆ ಕೊಟ್ಟೆ.

ಮಧ್ಯದಲ್ಲಿ ತೆಂಗಿನ ಚಿಪ್ಪು, ಮಣ್ಣಿನ ಕುಡಿಕೆ ಕೂಡ ಟ್ರೈ ಮಾಡ್ದೆ. ಕುಡಿಕೇಲಿ ಕಟ್ಟಿರುವೆ ಸೇರ್ಕೊಂಡ್ವು ಅಷ್ಟೇ. ತಟ್ಟೇಲಿ ಸಣ್ಣ ಮಣ್ಣು ಹರಡಿಟ್ಟಿದ್ದು ಮಾತ್ರ ಸೂಪರ್ ಹಿಟ್, ಬೆಳಗ್ಗೆ ಎಂಟಕ್ಕೆ ಧೂಳು ಸ್ನಾನ ಗ್ಯಾರಂಟಿ.

ಈಗ ಭಾವನೂ ಎರಡು ಬಾಕ್ಸ್ ಕೇಳ್ತಿದಾರೆ, ಹಲಗೆ ದುಡ್ಡು ಮೊದ್ಲು ಕೊಡಿ ಅಂದಿದೀನಿ. ನನ್ನ ಎರಡನೇ ಬಾಕ್ಸಿನ ತೂತನ್ನ ಅಳಿಲು ಕಡಿದು ದೊಡ್ಡದು ಮಾಡಿದೆ, ಭಾನುವಾರ ಸುತ್ತ ತಗಡು ಹೊಡೀಬೇಕು.