ದೃಶ್ಯ ಹಾಕಿ, ಸೌಂಡ್ ತೆಗೆಯಿರಿ: ಹೈಸ್ಕೂಲ್ ಮಕ್ಕಳ ಜೊತೆ ಒಂದು ಪೀರಿಯಡ್

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಟೀಚರ್. ಕಾಫಿ ತೋಟದ ಲೈನ್ ಮನೆಗಳಿಂದ ಬರುವ ಮಕ್ಕಳೇ ಜಾಸ್ತಿ. ಮನೆಮಾತು ಕೊಡವ ತಕ್ಕ್, ಎರವ ಭಾಷೆ, ಮಲಯಾಳಂ, ತಮಿಳು ಅಂತ ಒಬ್ಬೊಬ್ಬರದು ಒಂದೊಂದು. ನೋಡುವ ರೀಲ್ಸ್ ಮಾತ್ರ ಎಲ್ಲರದೂ ಒಂದೇ.

ಒಂದು ದಿನ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ: "ಬಿಡದೆ ಹಿಂದೆ ಹೋದ್ರೆ ಕೊನೆಗೆ ಒಪ್ಪೇ ಒಪ್ತಾಳಲ್ವಾ ಮಿಸ್?" ತಮಾಷೆಗೆ ಕೇಳಿದ್ದಲ್ಲ. ಅವನು ನೋಡಿದ ಸಿನಿಮಾಗಳಲ್ಲೆಲ್ಲ ಅವಳು ಒಪ್ಪಿದ್ದಳು.

ಅವತ್ತು ನಾನು ಭಾಷಣ ಬಿಗಿದೆ. ಹಿಂದಿನ ಬೆಂಚು ಕಿಸಕ್ಕೆಂದಿತು. ಸಿನಿಮಾ ಹೆಣ್ಣಿನ ಮೇಲಿನ ದೌರ್ಜನ್ಯವನ್ನು ಪ್ರೀತಿ, ತಮಾಷೆ ಅಂತ ತೋರಿಸುವುದನ್ನು ಮಕ್ಕಳೇ ಗುರುತಿಸಲಿ ಅಂತ ಆಮೇಲೆ ಕಂಡುಕೊಂಡ ದಾರಿ ಇದು. ಮನೆಯಲ್ಲಿ ಅಪ್ಪ ಅಮ್ಮನೂ ಮಾಡಬಹುದು.

ಎರಡು ಮೂರು ನಿಮಿಷದ ಒಂದು ದೃಶ್ಯ ಆರಿಸಿ. ರಕ್ತ, ರೇಪ್ ಬೇಡವೇ ಬೇಡ. ಹೀರೋ ಬಸ್‌ಸ್ಟ್ಯಾಂಡಿನಲ್ಲಿ ಅಡ್ಡ ನಿಲ್ಲುವುದೋ, ಜನ ನಗಲಿ ಅಂತ ಹೆಂಡತಿಯ ಕೆನ್ನೆಗೆ ಬಾರಿಸುವುದೋ ಸಾಕು. ಮೊಬೈಲಿಗೆ ಮೊದಲೇ ಇಳಿಸಿಟ್ಟುಕೊಳ್ಳಿ. ಜುಲೈ ಮಳೆಯಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬುವ ಹಾಗಿಲ್ಲ. ಶಾಲೆಗೆ ರಜೆ ಕೊಡದಿದ್ದರೆ ಅದೇ ದೊಡ್ಡದು.

ಒಂದು ಸಲ ಸೌಂಡ್ ಇಟ್ಟು ತೋರಿಸಿ. ಇನ್ನೊಂದು ಸಲ ಮ್ಯೂಟ್ ಮಾಡಿ. ಮ್ಯೂಸಿಕ್ ಹೋದ ಕೂಡಲೇ ಹುಡುಗಿಯ ಮುಖ ಕಾಣತೊಡಗುತ್ತದೆ. ಅವಳು ಹಿಂದೆ ಸರಿಯುವುದು, ಬ್ಯಾಗ್ ಅವುಚಿಕೊಳ್ಳುವುದು. ನೀವು ಬಾಯಿ ಬಿಡಬೇಡಿ. ಯಾರಾದರೂ "ಅವಳು ಹೆದರಿದಾಳೆ ಮಿಸ್" ಅನ್ನುವವರೆಗೆ ಕಾಯಿರಿ. ನನ್ನ ಕ್ಲಾಸಿನಲ್ಲಿ ಅದನ್ನು ಮೊದಲು ಹೇಳುವವರು ಯಾವಾಗಲೂ ಹುಡುಗಿಯರೇ.

ಆಮೇಲೆ ಒಂದೇ ಪ್ರಶ್ನೆ: ಅಡ್ಡ ನಿಂತವನಿಗೆ ಕೊನೆಗೆ ಏನು ಸಿಕ್ಕಿತು? ಶಿಳ್ಳೆ, ಹಾಡು, ಮದುವೆ. ಬೋರ್ಡಿನ ಮೇಲೆ ಬರೆಯಿರಿ.

"ಸಿನಿಮಾ ನೋಡಿ ಯಾರಾದ್ರೂ ಕೆಡ್ತಾರಾ?" ಎಂದು ಕೇಳುವ ಅಪ್ಪಂದಿರಿಗೆ ನಾನು ಬಂಡೂರ ಅವರ ಪ್ರಯೋಗ ಹೇಳುತ್ತೇನೆ. ಆಲ್ಬರ್ಟ್ ಬಂಡೂರ ಅಮೆರಿಕದ ಮನಶ್ಶಾಸ್ತ್ರಜ್ಞ. ದೊಡ್ಡವರೊಬ್ಬರು ಗೊಂಬೆಗೆ ಬಡಿಯುವ ಫಿಲ್ಮನ್ನು ಪುಟ್ಟ ಮಕ್ಕಳಿಗೆ ತೋರಿಸಿದರು. ಅದರ ವರದಿ ಬಂದದ್ದು 1965ರಲ್ಲಿ. ಫಿಲ್ಮಿನಲ್ಲಿ ಬಡಿದವರಿಗೆ ಶಿಕ್ಷೆಯಾದದ್ದನ್ನು ನೋಡಿದ ಮಕ್ಕಳು, ಆಮೇಲೆ ಗೊಂಬೆ ಸಿಕ್ಕಾಗ ಕಡಿಮೆ ಬಡಿದರು. ಆದರೆ ಮಾಡಿ ತೋರಿಸಿದರೆ ಬಹುಮಾನ ಅಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಕಲಿತದ್ದು ಒಳಗೇ ಇತ್ತು. ಒಂದು ಸಿನಿಮಾದಿಂದ ಯಾರೂ ರೌಡಿ ಆಗುವುದಿಲ್ಲ, ಒಪ್ಪುತ್ತೇನೆ. ನಮ್ಮ ಮಕ್ಕಳು ನೋಡುವುದು ಒಂದನ್ನಲ್ಲವಲ್ಲ.

ಕಾನೂನನ್ನು ಒಂದೇ ಮಾತಿನಲ್ಲಿ ಮುಗಿಸಿ. ಬೇಡ ಅಂದ ಮೇಲೂ ಹಿಂಬಾಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲಾಗಬಹುದು. ಆನ್‌ಲೈನಿನಲ್ಲಿ ಅವಳ ಮೇಲೆ ಕಣ್ಣಿಡುವುದೂ ಇದರಲ್ಲೇ ಬರುತ್ತದೆ ಅಂದಾಗ ಕ್ಲಾಸು ಗಪ್‌ಚುಪ್.

ನ್ಯೂಸ್‌ಪೇಪರ್ ತಲೆಬರಹ ತಿದ್ದಿಸುವ ಕೆಲಸ ನನಗೆ ಬಹಳ ಇಷ್ಟ. ಕನ್ನಡ ಟೀಚರ್ ಅಲ್ವಾ. "ಪ್ರೀತಿ ನಿರಾಕರಿಸಿದ್ದಕ್ಕೆ ಯುವತಿಗೆ ಚಾಕು ಇರಿತ." ಇಂಥ ಒಂದು ತಲೆಬರಹ ಬರೆದು, ಕರ್ತೃಪದ ಎಲ್ಲಿ ಅಂತ ಕೇಳಿ. ಹುಡುಕುತ್ತಾರೆ, ಸಿಗುವುದಿಲ್ಲ. ಇರಿದವನೇ ವಾಕ್ಯದಲ್ಲಿಲ್ಲ. ಕಾರಣ ಮಾತ್ರ ಇದೆ, ಅದೂ ಅವಳ ತಲೆಗೆ. ಈಗ ಮಕ್ಕಳ ಕೈಯಲ್ಲೇ ತಿದ್ದಿಸಿ. ಒಬ್ಬಳು "ಯುವತಿಗೆ ಚಾಕು ಇರಿದ ಯುವಕ" ಎಂದು ಬರೆದಳು. ಪ್ರಶ್ನೆ ಕೇಳಿದ್ದ ಹುಡುಗ "ನಿರಾಕರಿಸಿದ್ದಕ್ಕೆ" ಎಂಬುದನ್ನು ಹೊಡೆದುಹಾಕಿ, "ಇದು ಅವನು ಹೇಳಿದ ಕಾರಣ ಅಷ್ಟೇ ಅಲ್ವಾ ಮಿಸ್" ಅಂದ. ಆ ವರ್ಷ ಕರ್ತೃಪದದ ಪಾಠ ಬೇರೆ ಮಾಡಲಿಲ್ಲ.

ಇಷ್ಟಾದ ಮೇಲೆ ಯಾರಾದರೂ ಒಬ್ಬರು ತನಗಾದದ್ದನ್ನು ಹೇಳಿಕೊಳ್ಳಲು ನಿಮ್ಮ ಹತ್ತಿರ ಬಂದು ನಿಲ್ಲಬಹುದು. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡಿ. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಬೋರ್ಡಿನ ಮೂಲೆಯಲ್ಲಿ ಮೊದಲೇ ಬರೆದಿಡಿ.

ಕೊನೆಯ ಪೀರಿಯಡ್‌ಗೆ ಮಾತ್ರ ಇದನ್ನು ಇಟ್ಟುಕೊಳ್ಳಬೇಡಿ. ನಾನು ಒಂದು ಸಲ ಇಟ್ಟುಕೊಂಡಿದ್ದೆ. ಒಬ್ಬಳು ಮೇಜಿನ ಹತ್ತಿರ ಬಂದು ನಿಂತಳು. ಬಸ್ಸು ಹಾರ್ನ್ ಹೊಡೆಯಿತು, ಓಡಿಬಿಟ್ಟಳು.